ಪಟ್ಟಿ ಬರುವ ಮೊದಲೇ ಟಿಕೆಟ್: ಹುಬ್ಬಳ್ಳಿಯಿಂದ ಪಣಜಿಯ ದೆವ್ವಗಳ ಕಡೆಗೆ

“ಅಮಾಸಿ ಹೊತ್ತಿನ್ಯಾಗ ದೆವ್ವದ ಪಿಚ್ಚರ್ ನೋಡಾಕ ಗೋವಾಕ್ಕ ಹೊಂಟೀಯೇನಪಾ? ಇಲ್ಲೇ ಕೆರಿ ದಂಡಿಗೆ ಹೋಗಿ ಕುಂತರ ಪುಕ್ಕಟ ಕಾಣತಾವಲ್ಲ!”

2022ರ ನವೆಂಬರ್‌ನಲ್ಲಿ ನಾನು ಬ್ಯಾಗು ಕಟ್ಟುವಾಗ ಅವ್ವ ಅಂದ ಮಾತಿದು. ಅವಳ ಪಂಚಾಂಗ ತಪ್ಪಿರಲಿಲ್ಲ. ಗೋವಾದ ಭಾರತ ಅಂತರರಾಷ್ಟ್ರೀಯ ಚಿತ್ರೋತ್ಸವ ಆ ವರ್ಷ 20ರಿಂದ 28ರವರೆಗೆ ಇತ್ತು, ನಡುವೆ 23ಕ್ಕೆ ಛಟ್ಟಿ ಅಮಾವಾಸ್ಯೆ. ಆ 53ನೇ ಉತ್ಸವದಲ್ಲಿ ‘ಮೆಕಾಬರ್ ಡ್ರೀಮ್ಸ್’ ಎಂಬ ಹೆಸರಿನಲ್ಲಿ ಭಯ ಮತ್ತು ಅದ್ಭುತ ಕಲ್ಪನೆಯ ನಾಲ್ಕು ಸಿನಿಮಾಗಳನ್ನು ಒಂದು ಗಂಟು ಕಟ್ಟಿ ಇಟ್ಟಿದ್ದರು. 2025ರ 56ನೇ ಉತ್ಸವದಲ್ಲೂ ಅದೇ ಹೆಸರಿನ ವಿಭಾಗವಿತ್ತು. ಈಗ ಶ್ರಾವಣ ಮುಗಿಯುತ್ತ ಬಂದಿದೆ, ಈ ಸಲ ಏನೇನು ಬರಬಹುದು ಎಂದು ನಾನೂ ಧಾರವಾಡದ ದೋಸ್ತನೂ ದಿನಾ ಸಂಜೆ ಗಿರ್ಮಿಟ್ ಮುಂದೆ ವಾದ ಮಾಡುತ್ತಿದ್ದೇವೆ. ನಮ್ಮ ಕಡೆಯಿಂದ ಮೊದಲ ಸಲ ಹೊರಡುವವರು ಯಾರಾದರೂ ಇದ್ದರೆ ನಾವು ಪಟ್ಟ ಪಾಡು ಉಪಯೋಗಕ್ಕೆ ಬರಲಿ.

ಎಲ್ಲಕ್ಕಿಂತ ಮೊದಲ ಮಾತು, ಸಿನಿಮಾಗಳ ಪಟ್ಟಿ ಬರಲಿ, ಆಮೇಲೆ ಟಿಕೆಟ್ ಮಾಡೋಣ ಎಂದು ಕೂರಬೇಡಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಉತ್ಸವ ಈ ಸಲವೂ 20ಕ್ಕೇ ಶುರು ಎಂದು ಹಿಡಿದರೆ, ನವೆಂಬರ್ 19ರ ರಾತ್ರಿ ಹತ್ತಬೇಕಾದರೆ ಸೆಪ್ಟೆಂಬರ್ 20ರ ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಸಿದ್ಧವಾಗಿರಬೇಕು. ಯಾವ ಸಿನಿಮಾ ಯಾವ ದಿನ ಎಂಬ ಪೂರ್ತಿ ವಿವರ ಕೈಗೆ ಸಿಗುವುದು ನವೆಂಬರ್‌ನಲ್ಲಿ. ಅಷ್ಟರಲ್ಲಿ ಬರ್ತೂ ಇಲ್ಲ, ಪಣಜಿಯಲ್ಲಿ ಕೈಗೆಟುಕುವ ರೂಮೂ ಇಲ್ಲ.

ಹಾಗಾದರೆ ಏನನ್ನು ನಂಬಿ ಹೋಗುವುದು? ಊಹೆಗೂ ಒಂದು ದಾರಿ ಇದೆ. 2022ರ ಆ ನಾಲ್ಕರ ಜಾತಕ ನೋಡಿ. ಸ್ಲೊವಾಕಿಯಾದ ‘ನೈಟ್‌ಸೈರನ್’ ಆಗಸ್ಟ್‌ನಲ್ಲೇ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತ್ತು. ಮೆಕ್ಸಿಕೊದ ‘ಉಯೆಸೆರಾ’ ಜೂನ್‌ನಲ್ಲಿ ನ್ಯೂಯಾರ್ಕಿನ ಟ್ರೈಬೆಕಾದಲ್ಲಿ ಸದ್ದು ಮಾಡಿತ್ತು. ಸ್ಪೇನಿನ ‘ವೀನಸ್’ ಸೆಪ್ಟೆಂಬರ್‌ನಲ್ಲಿ ಟೊರಾಂಟೊದ ನಡುರಾತ್ರಿ ವಿಭಾಗದಲ್ಲಿತ್ತು. ನಾಲ್ಕನೆಯದು ‘ಹ್ಯಾಲೋವೀನ್ ಎಂಡ್ಸ್’, ಅಕ್ಟೋಬರ್‌ನಲ್ಲೇ ಅಮೆರಿಕದ ಥೇಟರುಗಳಿಗೆ ಬಂದದ್ದು. ಯಾವುದೂ ಗೋವಾಕ್ಕೆ ಆಕಾಶದಿಂದ ಉದುರಲಿಲ್ಲ. ಆದ್ದರಿಂದ ಮೇ ತಿಂಗಳ ಫ್ರಾನ್ಸಿನ ಕಾನ್ ಉತ್ಸವದಿಂದ ಹಿಡಿದು ಈ ಊರುಗಳ ಉತ್ಸವಗಳ ಪಟ್ಟಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತ ಬನ್ನಿ. ಇನ್ನು ಭಯದ ಸಿನಿಮಾಗಳಿಗೆ ತವರುಮನೆ ಎಂದರೆ ಸ್ಪೇನಿನ ಕಡಲಂಚಿನ ಸಿಟ್ಜೆಸ್. 1968ರಲ್ಲಿ ಶುರುವಾದ ಈ ಉತ್ಸವ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುತ್ತದೆ, ಕಿಂಗ್ ಕಾಂಗ್ ಅದರ ಗುರುತು. ಅಲ್ಲಿಗೆ ಹೋಗುವಷ್ಟು ರೊಕ್ಕ ನಮ್ಮಲ್ಲಿಲ್ಲ, ಆದರೆ ಅದರ ಪಟ್ಟಿ ಓದಲಿಕ್ಕೆ ರೊಕ್ಕ ಬೇಕಾಗಿಲ್ಲ. ಹೀಗೆ ಗುರುತು ಹಾಕಿದ ಇಪ್ಪತ್ತರಲ್ಲಿ ಎರಡು ಗೋವಾಕ್ಕೆ ಬಂದರೂ ಹೋದದ್ದು ಸಾರ್ಥಕ. ದೋಸ್ತನಿಗೆ ಈ ಲೆಕ್ಕ ಒಪ್ಪಿಗೆಯಿಲ್ಲ. “ಎರಡಕ್ಕ ಅಷ್ಟ್ ದೂರ ಯಾಕಲೇ” ಅನ್ನುತ್ತಾನೆ, ಆದರೂ ಬರುತ್ತಾನೆ.

ದೂರ ಎಂದರೂ ಇನ್ನೂರು ಕಿಲೋಮೀಟರ್ ಒಳಗೆ. ಬಸ್ಸಾದರೆ ಹುಬ್ಬಳ್ಳಿಯಿಂದ ನೇರ ಪಣಜಿಗೆ ಹೋಗುತ್ತದೆ. ರೈಲಾದರೆ ಧಾರವಾಡ, ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮಡಗಾಂವ್, ಅಲ್ಲಿಂದ ಸುಮಾರು 35 ಕಿಲೋಮೀಟರ್ ಕದಂಬ ಬಸ್ಸು. ನನ್ನ ಮತ ರೈಲಿಗೆ. ಹಗಲಲ್ಲಿ ಹೋಗಬೇಕೆನ್ನುವವರಿಗೆ ವಾರದಲ್ಲಿ ನಾಲ್ಕು ದಿನ ಅಮರಾವತಿ ಎಕ್ಸ್‌ಪ್ರೆಸ್ ಇದೆ, ನವೆಂಬರ್‌ನಲ್ಲಿ ದೂಧ್‌ಸಾಗರದಲ್ಲಿ ನೀರು ಇನ್ನೂ ಇರುತ್ತದೆ. ಆದರೆ ನಮ್ಮಂಥ ಹುಚ್ಚರಿಗೆ ರಾತ್ರಿ ರೈಲೇ ಸರಿ. ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗೆ 37 ಅಡಿಗೆ ಒಂದು ಅಡಿಯಂತೆ ಇಳಿಜಾರು. ರೈಲು ಬ್ರೇಕಿನ ಮೇಲೆ ನರಳುತ್ತ ಇಳಿಯುವಾಗ ಸುರಂಗದ ಮೇಲೆ ಸುರಂಗ. ಕಿಟಕಿಯಲ್ಲಿ ಕಾಡಿಲ್ಲ, ನಿಮ್ಮದೇ ಮುಖ. ಉತ್ಸವದ ಟ್ರೇಲರ್ ಅಲ್ಲೇ ಶುರು. ಅಂದ ಹಾಗೆ, ಹುಬ್ಬಳ್ಳಿ ಸ್ಟೇಶನ್ನಿನ ಒಂದು ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ, ಜಗತ್ತಿಗೇ ದೊಡ್ಡದು. ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಬ್ಯಾಗು ಹೊತ್ತು ಓಡುವಾಗ ಗೊತ್ತಾಗುತ್ತದೆ.

ರೂಮಿನ ವಿಷಯದಲ್ಲಿ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಅಗ್ಗವೆಂದು ಮಾಪುಸಾದಲ್ಲಿ ಒಂದು ಲಾಡ್ಜು ಹಿಡಿದೆವು. ಪಣಜಿಯಿಂದ ಹದಿಮೂರು ಕಿಲೋಮೀಟರ್, ಏನು ಮಹಾ ಎಂದುಕೊಂಡಿದ್ದೆವು. ನಮ್ಮ ಪಾಲಿಗೆ ಬಂದ ದೆವ್ವದ ಆಟ ಮುಗಿದದ್ದು ರಾತ್ರಿ ಹನ್ನೊಂದೂವರೆಗೆ. ಬಸ್ಸುಗಳು ಯಾವಾಗಲೋ ಮಲಗಿದ್ದವು. ಟ್ಯಾಕ್ಸಿಯವನು ಹೇಳಿದ ರೇಟು ಕೇಳಿ ಆಗ ಹತ್ತಿದ ಭಯ ತೆರೆಯ ಮೇಲೆ ಹತ್ತಿರಲಿಲ್ಲ. ಮರುದಿನವೇ ಸಾಮಾನು ಎತ್ತಿಕೊಂಡು ಪಣಜಿಯ ಒಳಗೆ ಬಂದೆವು. ಬಾಡಿಗೆ ಹೆಚ್ಚಾಯಿತು, ಟ್ಯಾಕ್ಸಿ ಉಳಿಯಿತು. ಮುಖ್ಯ ಥೇಟರುಗಳು ಮಾಂಡೋವಿ ಹೊಳೆಯ ದಂಡೆಯ ರಸ್ತೆಯಲ್ಲೇ, ಹಳೆಯ ಮೆಡಿಕಲ್ ಕಾಲೇಜು ಕಟ್ಟಡದ ಆಸುಪಾಸು. ಅಲ್ಲಿಂದ ನಡೆದು ಮುಟ್ಟುವಷ್ಟು ಹತ್ತಿರ ಇದ್ದರೆ ಸಾಕು, ಫ್ಯಾನ್ ಕಿರುಗುಟ್ಟಿದರೂ ಪರವಾಗಿಲ್ಲ.

ಪ್ರತಿನಿಧಿ ನೋಂದಣಿ ಆನ್‌ಲೈನ್‌ನಲ್ಲಿ. 18 ತುಂಬಿರಬೇಕು. 2022ರಲ್ಲಿ ನಾವು ಹೋದಾಗ ಶುಲ್ಕ ಸಾವಿರ ರೂಪಾಯಿ ಆಸುಪಾಸು ಇತ್ತು. ಆದರೆ ಪಾಸು ಕೊರಳಲ್ಲಿ ಇದ್ದರೆ ಸೀಟು ಸಿಕ್ಕಂತಲ್ಲ. ಪ್ರತಿ ಆಟಕ್ಕೂ ಬೇರೆ ಸೀಟು ಕಾಯ್ದಿರಿಸಬೇಕು, ದಿನಕ್ಕೆ ಇಷ್ಟೇ ಎಂಬ ಮಿತಿಯೂ ಉಂಟು. ಸಿಗದಿದ್ದರೆ ಟಿಕೆಟ್ ಇಲ್ಲದವರ ಪಾಳಿ ಹಚ್ಚಿ, ಖಾಲಿ ಉಳಿದರೆ ಒಳಗೆ ಬಿಡುತ್ತಾರೆ. ಮುಕ್ಕಾಲು ಗಂಟೆ ಮೊದಲು ನಿಂತ ಎರಡು ಸಲವೂ ನನಗೆ ಸೀಟು ಸಿಕ್ಕಿತು. ಎಸಿ ಚಳಿಗೆ ಒಂದು ಚಾದರ, ರೂಮಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಥೇಟರಿನೊಳಗೆ ತಿಂಡಿ ಒಯ್ಯಲು ಬಿಡುವುದಿಲ್ಲ, ಎರಡು ಆಟಗಳ ನಡುವೆ ಉಣ್ಣುವಷ್ಟು ಹೊತ್ತೂ ಇರುವುದಿಲ್ಲ. ಬೆಳಿಗ್ಗೆಯೇ ಗಟ್ಟಿಯಾಗಿ ತಿಂದು ಹೊರಡಿ.

ಮನೆಯಲ್ಲೇ ಓಟಿಟಿಯಲ್ಲಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಉತ್ಸವದ ಸಿನಿಮಾಗಳಿಗೆ ಸೆನ್ಸಾರ್ ಪ್ರಮಾಣಪತ್ರದಿಂದ ವಿನಾಯಿತಿ ಇರುತ್ತದೆ, ಹಾಗಾಗಿ ಕತ್ತರಿ ಬೀಳದ ಪ್ರತಿ ಸಿಗುತ್ತದೆ. ಅದಕ್ಕಿಂತ ದೊಡ್ಡದು ಸದ್ದು. ‘ಉಯೆಸೆರಾ’ದಲ್ಲಿ ಬಸುರಿ ಹೆಂಗಸೊಬ್ಬಳಿಗೆ ಲಟಿಕೆ ಮುರಿಯುವ ಚಟ. ನಮ್ಮ ಮನೆಯಲ್ಲಿ ಅವ್ವ ದೃಷ್ಟಿ ತೆಗೆದು ಹಣೆಗೆ ಬೆರಳು ಒತ್ತಿ ಲಟಲಟ ಮುರಿದರೆ ಪೀಡೆ ಹೋಯಿತೆಂದು ಅರ್ಥ. ಅಲ್ಲಿ ಅದೇ ಸದ್ದಿನ ಬೆನ್ನು ಹತ್ತಿ ಪೀಡೆ ಬರುತ್ತದೆ. ನಾಲ್ಕೂ ಕಡೆಯ ಸ್ಪೀಕರಿನಿಂದ ಎಲುಬು ಮುರಿದಂತೆ ಕೇಳಿದಾಗ ನನ್ನ ಬೆರಳುಗಳನ್ನು ನಾನೇ ತೊಡೆಯ ಕೆಳಗೆ ಇಟ್ಟುಕೊಂಡೆ. ‘ನೈಟ್‌ಸೈರನ್’ನ ಗುಡ್ಡದ ಹಳ್ಳಿಯೂ ಅಷ್ಟೇ, ಹೆಂಗಸೊಬ್ಬಳು ಊರು ಹೇಳಿದಂತೆ ನಡೆಯದಿದ್ದರೆ ಅವಳು ಮಾಟಗಾತಿ. “ನಮ್ಮ ಕಡೆ ಗಾಳಿ ಸ್ವಾಕೈತಿ ಅಂತಾರ, ಅವರ ಕಡೆ ಬ್ಯಾರೆ ಹೆಸರು” ಎಂದು ದೋಸ್ತ ಕತ್ತಲಲ್ಲೇ ಪಿಸುಗುಟ್ಟಿದ. ಹಿಂದಿನ ಸೀಟಿನವರು ಬೈದರು.

ನಾಲ್ಕನ್ನೂ ನೋಡುವ ಹಟ ಬೇಡ. ಬೇಗ ಥೇಟರಿಗೋ ಮೊಬೈಲಿಗೋ ಬರುವ ದೊಡ್ಡ ಕಂಪನಿಯ ಸಿನಿಮಾ ಬಿಟ್ಟುಬಿಡಿ, ಮತ್ತೆ ಎಲ್ಲೂ ಸಿಗದಂಥದ್ದಕ್ಕೆ ಪಾಳಿ ಹಚ್ಚಿ. ವಿಭಾಗದ ಹೆಸರನ್ನೇ ನೆಚ್ಚಿಕೊಳ್ಳಲೂಬೇಡಿ, ಅದ್ಭುತ ಕಥೆಗಳು ಬೇರೆ ಕಡೆಯೂ ಅಡಗಿರುತ್ತವೆ. 2023ರಲ್ಲಿ ನಮ್ಮ ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿಯವರಿಗೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂದದ್ದು ಇದೇ ಗೋವಾದಲ್ಲಿ.

ಈ ಸಲದ ನೋಟ್‌ಬುಕ್ಕಿನಲ್ಲಿ ಒಂಬತ್ತು ಹೆಸರುಗಳಿಗೆ ಗೆರೆ ಬಿದ್ದಿದೆ. ಸಿಟ್ಜೆಸ್ ಮುಗಿಯುವ ಹೊತ್ತಿಗೆ ಇನ್ನೂ ಸೇರುತ್ತವೆ. ದೋಸ್ತ ಎರಡಕ್ಕೆ ಪಂಥ ಕಟ್ಟಿದ್ದಾನೆ, ನಾನು ಮೂರಕ್ಕೆ. ಸೋತವರು ಮಿರ್ಚಿ ತಿನ್ನಿಸಬೇಕು. ಸೆಪ್ಟೆಂಬರ್ 20ಕ್ಕೆ ಅಲಾರಂ ಇಟ್ಟಾಗಿದೆ. ಅವ್ವನ ಬೇಡಿಕೆ ಒಂದೇ, ಬರುವಾಗ ಗೋಡಂಬಿ ಮರೆಯಬಾರದು, ಕಳೆದ ಸಲ ತಂದದ್ದು ಸಣ್ಣವಿದ್ದವಂತೆ.