ಚಳಿ ಬಂಗ್ಲೆಯ ಕತೆಗಳು: ಎಂಟು ತಿಂಗಳ ಹುಡುಕಾಟ

ಜನವರಿ

ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಅಂಚಿನಲ್ಲಿ, ಹಳ್ಳದ ಪಕ್ಕ, ಒಂದು ಹಾಳು ಬಂಗ್ಲೆ ಇದೆ. ಸುತ್ತಲಿನ ಊರಿನವರು ಅದನ್ನು ಚಳಿ ಬಂಗ್ಲೆ ಎನ್ನುತ್ತಾರೆ. ಅಲ್ಲಿ ಮಂಜು ಜಾಸ್ತಿ, ಅದಕ್ಕೇ ಆ ಹೆಸರು ಎಂದು ಚಿಕ್ಕಂದಿನಿಂದ ನಂಬಿಕೊಂಡಿದ್ದೆ. ಅಲ್ಲಿ ದೆವ್ವ ಇದೆ ಎಂದೂ ಚಿಕ್ಕಂದಿನಿಂದಲೇ ಕೇಳಿದ್ದೆ. ಈ ವರ್ಷ ಆ ಕತೆಗಳನ್ನೆಲ್ಲ ಬರೆದಿಡಬೇಕು ಎಂದು ಕೂತಿದ್ದೇನೆ. ಹೇಳುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಇನ್ನೂ ತಡ ಮಾಡಿದರೆ ಏನೂ ಉಳಿಯುವುದಿಲ್ಲ.

ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು. ಹೇಳಿದವರ ವಯಸ್ಸು, ಅವರು ಯಾರಿಂದ ಕೇಳಿದರು, ಎಲ್ಲಿ ಕೂತು ಕೇಳಿದರು ಎಂಬುದನ್ನು ಪಕ್ಕದಲ್ಲೇ ಗುರುತು ಹಾಕುವುದು. ನಡುವೆ ಬಾಯಿ ಹಾಕುವುದಿಲ್ಲ.

ಫೆಬ್ರವರಿ

23 ಜನರನ್ನು ಮಾತಾಡಿಸಿದೆ. ಕತೆಗಳು ಮೂರು ಗುಂಪಾಗಿವೆ. ಒಂದು, ರಾತ್ರಿ ಕುದುರೆ ಮೇಲೆ ತೋಟ ಸುತ್ತುವ ಬಿಳಿ ದೊರೆ. ಎರಡು, ಜಗಲಿಯಲ್ಲಿ ನಿಲ್ಲುವ ಬಿಳಿ ಸೀರೆಯ ಹೆಂಗಸು. ಮೂರನೆಯದು ಸ್ವಲ್ಪ ವಿಚಿತ್ರ. ಒಳಗಿನಿಂದ ಯಾರೋ ಕಂಬಳಿ ಕೇಳುತ್ತಾರಂತೆ, ಅಷ್ಟೇ. ಹೇಳಿದವರು ನಾಲ್ಕೇ ಜನ. ಆಗ ಅದಕ್ಕೆ ನಾನು ಅಷ್ಟು ಬೆಲೆ ಕೊಡಲಿಲ್ಲ. ದೊರೆಯ ಕತೆ ಹಿಡಿದು ಹೊರಟೆ.

ಮಾರ್ಚ್

ಮೂರು ರಾತ್ರಿ ಕಳೆದದ್ದು ಕಾಫಿ ಕಣದಲ್ಲಿ, ಬಂಗ್ಲೆಯಿಂದ ಕೂಗಳತೆಯ ದೂರದಲ್ಲಿ. ತೋಟದ ಮೇಸ್ತ್ರಿ ಅಣ್ಣ ಜೊತೆಗೆ ಬಂದರು. ಎರಡನೇ ರಾತ್ರಿ ಗೊರಸಿನ ಸದ್ದು ಕೇಳಿಸಿಯೇ ಬಿಟ್ಟಿತು. ಟಕ್ ಟಕ್ ಟಕ್ ಎಂದು ಒಂದೇ ಸಮ, ಕಲ್ಲು ಹಾಸಿನ ಮೇಲೆ ಕುದುರೆ ನಡೆದ ಹಾಗೆ. ಮೈಯೆಲ್ಲ ಜುಮ್ ಎಂದಿತು. ಮೇಸ್ತ್ರಿ ಅಣ್ಣ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮರುದಿನ ಹಕ್ಕಿ ನೋಡುವ ಗೆಳೆಯನಿಗೆ ಕೇಳಿಸಿದಾಗ ಅವನು ಒಂದೇ ಸಲಕ್ಕೆ ಹೇಳಿದ, ಇದು ಕಾಡು ನತ್ತಿಂಗ. ಹಗಲು ತರಗೆಲೆಯ ಬಣ್ಣದಲ್ಲೇ ನೆಲಕ್ಕೆ ಅಂಟಿ ಕೂತಿರುತ್ತದೆ, ಕತ್ತಲಾದ ಮೇಲೆ ಹಲಗೆ ಬಡಿದ ಹಾಗೆ ಕೂಗುತ್ತದೆ. ಕಣ್ಣಿಗೆ ಬೀಳುವುದು ಕಡಿಮೆ.

ಮೇಸ್ತ್ರಿ ಅಣ್ಣನಿಗೆ ಹೇಳಿದೆ. "ಇರಬಹುದು ಮಾರಾಯ, ಆದ್ರೆ ನಮ್ಮಪ್ಪ ಕೇಳಿದ್ದು ಹಕ್ಕಿ ಅಲ್ಲ" ಎಂದರು. ಅದನ್ನೂ ಹಾಗೇ ಬರೆದುಕೊಂಡಿದ್ದೇನೆ.

ಏಪ್ರಿಲ್

ಮಾಲೀಕರು ಬೀಗದ ಕೈ ಕೊಟ್ಟರು. ಇಬ್ಬರು ಗೆಳೆಯರ ಜೊತೆ ಹಗಲು ಹೊತ್ತಿನಲ್ಲಿ ಒಳಗೆ ಹೋದೆ. ಲಂಟಾನ ಕಡಿದು ದಾರಿ ಮಾಡಲಿಕ್ಕೇ ಅರ್ಧ ದಿನ ಹಿಡಿಯಿತು.

ಮನೆ ಅಂದುಕೊಂಡದ್ದಕ್ಕಿಂತ ಚಿಕ್ಕದು. ಉದ್ದ ಜಗಲಿ, ನಾಲ್ಕು ಕೋಣೆ, ಎರಡರಲ್ಲಿ ಬೆಂಕಿಗೂಡು. ಒಂದು ಗೋಡೆಯನ್ನು ಆಲದ ಬೇರು ಪೂರ್ತಿ ಅಪ್ಪಿಕೊಂಡಿದೆ. ನಡು ಕೋಣೆಯ ನೆಲವನ್ನು ನಿಧಿ ಹುಡುಕುವವರು ಅಗೆದು ಹಾಳು ಮಾಡಿದ್ದಾರೆ. ಮೂರಡಿ ಆಳದ ಗುಂಡಿ, ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ. ನೋಡಿ ಹೊಟ್ಟೆ ಉರಿಯಿತು. ದೆವ್ವಕ್ಕೆ ಹೆದರಿ ಜನ ಈ ಮನೆಯ ಒಂದು ಕಿಟಕಿಯನ್ನೂ ಕೀಳದೆ ಇಷ್ಟು ವರ್ಷ ಬಿಟ್ಟಿದ್ದರು. ದೆವ್ವ ನಿಧಿ ಕಾಯುತ್ತದೆ ಎಂದು ಯಾರೋ ಹೊಸದಾಗಿ ಸೇರಿಸಿದ ಮೇಲೆ ನೆಲವೇ ಹೋಯಿತು.

ಬಿದ್ದ ಹೆಂಚುಗಳನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು. ಮಂಗಳೂರಿನಲ್ಲಿ ಮಿಷನ್ನಿನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಅದು ಅವರ ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಹೆಸರಿನ ಹೆಂಚು ಬಂತು. ಹಾಗಾಗಿ ಈ ಹೆಂಚು ಆ ಎರಡರ ನಡುವಿನ ಕಾಲದ್ದು. ಮನೆಯೂ ಅದೇ ಕಾಲದ್ದು ಎಂದು ಹೇಳಿಬಿಡಬಹುದಿತ್ತು, ಆದರೆ ಹಳೆ ಹೆಂಚನ್ನು ಇಳಿಸಿ ಇನ್ನೊಂದು ಮನೆಗೆ ಹೊದಿಸುವುದು ಮಲೆನಾಡಿನಲ್ಲಿ ಮಾಮೂಲು. ಜಗಲಿ, ಅಡುಗೆಮನೆ, ಕೋಣೆ, ಎಲ್ಲ ಕಡೆಯೂ ಅದೇ ಅಚ್ಚು ಸಿಕ್ಕಿದ್ದರಿಂದ ಸ್ವಲ್ಪ ಧೈರ್ಯ ಬಂದಿದೆ.

ಹಿತ್ತಲಿನಲ್ಲಿ ದೊರೆಸಾನಿಯ ಗೋರಿ ಇದೆ ಎಂದು ಆರು ಜನ ಹೇಳಿದ್ದರು. ಕಸ ಸರಿಸಿ ನೋಡಿದರೆ ಪಲ್ಪರಿನ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ, ಹಳೇ ತೊಟ್ಟಿ. ನೀರಿನ ತೂಬು ಹಾಗೇ ಇದೆ.

ಮೇ

ಏನೂ ಆಗಲಿಲ್ಲ. ಮನೆಯಲ್ಲಿ ಮದುವೆ ಇತ್ತು.

ಜೂನ್

ಮಳೆ ಹಿಡಿಯಿತು. ಹಳ್ಳ ದಾಟಲಿಕ್ಕಾಗದ್ದರಿಂದ ಕಾಗದಪತ್ರ ನೋಡಿದೆ. ಹಿಂದೆ ಈ ತಾಲ್ಲೂಕಿಗೆ ಮಂಜರಾಬಾದ್ ಎಂದೇ ಹೆಸರು, ಹಳೆ ದಾಖಲೆ ಹುಡುಕುವವರು ಆ ಹೆಸರಿನಲ್ಲೂ ಹುಡುಕಬೇಕು. ಸರ್ವೆ ಟಿಪ್ಪಣಿಯ ನಕಲು ತೆಗೆಸಿದೆ. ಬಂಗ್ಲೆ ನಿಂತ ಜಾಗ ಖರಾಬು, ಅಂದರೆ ಸಾಗುವಳಿಗೆ ಸೇರದ ಜಾಗ ಎಂದಿದೆ, ಅದರ ಕೆಳಗೆ ಹಳ್ಳದ ಗುಂಟ ಗದ್ದೆ. ಈಗ ಅಲ್ಲಿ ಗದ್ದೆ ಇಲ್ಲ, ಬರೀ ಹಡ್ಲು. ಒಂದು ಕಾಲಕ್ಕೆ ಉತ್ತು ಬೆಳೆಯುತ್ತಿದ್ದ ಜನ ಅಲ್ಲಿದ್ದರು ಎಂದಾಯಿತು. ಅವರು ಎಲ್ಲಿ ಹೋದರು ಎನ್ನುವ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ.

ಜುಲೈ

ಈ ತಿಂಗಳದ್ದನ್ನು ನಿಧಾನವಾಗಿ ಬರೆಯುತ್ತೇನೆ.

ತೋಟದ ಆಳುಗಳ ಸಾಲು ಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ ಹುಟ್ಟಿ ಅಲ್ಲೇ ಕೆಲಸ ಮಾಡಿದ ಒಬ್ಬ ಅಜ್ಜಿ ಇದ್ದಾರೆ. ವಯಸ್ಸು 90ರ ಹತ್ತಿರ. ಫೆಬ್ರವರಿಯಲ್ಲಿ ಅವರಿಗೆ ಹುಷಾರಿರಲಿಲ್ಲ. ಈ ಸಲ ಒಲೆ ಮುಂದೆ ಕೂತು ಎರಡು ಗಂಟೆ ಮಾತಾಡಿದರು. ಬಿಳಿ ಸೀರೆಯ ಹೆಂಗಸಿನ ವಿಷಯ ಕೇಳಿದೆ.

"ಹೆಂಗಸು ಯಾರು ಮಗಾ? ಅಲ್ಲಿರೋದು ರೈಟರ ಹುಡುಗ" ಎಂದರು.

ರೈಟರು ಎಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತ. ಅಜ್ಜಿಗೆ ಅವರ ಅವ್ವ ಹೇಳಿದ ಕತೆ ಇದು. ಅದು ರಾತ್ರಿ ಬರುವುದಿಲ್ಲ, ಮಧ್ಯಾಹ್ನ ಬರುತ್ತದೆ. ದಿನಾ ಬರುವುದಿಲ್ಲ, ಒಂದು ದಿನ ಬಿಟ್ಟು ಒಂದು ದಿನ. ಮೊದಲು ಚಳಿ ಚಳಿ ಎಂದು ಕಂಬಳಿ ಕೇಳುತ್ತದೆ, ಹಲ್ಲು ಕಟಕಟ ಎನ್ನುವುದು ಹೊರಗಿನವರೆಗೂ ಕೇಳುತ್ತದೆ. ಆಮೇಲೆ ಉರಿ ಉರಿ ಎಂದು ಕಂಬಳಿ ಕಿತ್ತೆಸೆದು ನೀರು ಕೇಳುತ್ತದೆ. ಕೊನೆಗೆ ಸದ್ದು ನಿಲ್ಲುತ್ತದೆ. ಒಳಗೆ ಹೋಗಿ ನೋಡಿದರೆ ಯಾರೂ ಇಲ್ಲ, ನೆಲ ಮಾತ್ರ ಒದ್ದೆ. ನೋಡೋಕೆ ಹೇಗಿರುತ್ತದೆ ಅಜ್ಜಿ ಎಂದು ಕೇಳಿದೆ. "ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮಡಿಕೆ."

ಮನೆಗೆ ಬಂದು ಬರೆದದ್ದನ್ನು ಓದುವಾಗ ಕೈ ನಿಂತಿತು. ಚಳಿ, ಉರಿ, ಬೆವರು. ದಿನ ಬಿಟ್ಟು ದಿನ. ಹೊಟ್ಟೆಯ ಗಡ್ಡೆ. ಇದು ಚಳಿಜ್ವರ. ಮಲೇರಿಯಾದ ಒಂದು ಬಗೆ ಸರಿಯಾಗಿ 48 ಗಂಟೆಗೊಮ್ಮೆ ಏರುತ್ತದೆ, ಏರಿದಾಗ ಇದೇ ಮೂರು ಹಂತ, ಇದೇ ಸಾಲಿನಲ್ಲಿ. ಮತ್ತೆ ಮತ್ತೆ ಬಂದವರಿಗೆ ಗುಲ್ಮ ಊದಿ ಹೊಟ್ಟೆ ಮುಂದೆ ಬರುತ್ತದೆ, ನಮ್ಮ ಹಿರಿಯರು ಜ್ವರಗಡ್ಡೆ ಎನ್ನುತ್ತಿದ್ದದ್ದು ಅದನ್ನೇ. ಘಟ್ಟದಲ್ಲಿ ಈ ಜ್ವರ ಹರಡುತ್ತಿದ್ದ ಮುಖ್ಯ ಸೊಳ್ಳೆ ಕೊಳಚೆಯಲ್ಲಿ ಬೆಳೆಯುವಂಥದ್ದಲ್ಲ. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂದು ಅದರ ಹೆಸರು. ನಿಧಾನಕ್ಕೆ ಹರಿಯುವ ತಿಳಿನೀರಿನ ಅಂಚಿನಲ್ಲಿ, ಹುಲ್ಲಿನ ಮರೆಯಲ್ಲಿ ಮೊಟ್ಟೆ ಇಡುತ್ತದೆ. ಬಂಗ್ಲೆ ಇರುವುದು ಅಂಥದ್ದೇ ಹಳ್ಳದ ಪಕ್ಕ. ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದೇ 1897ರಲ್ಲಿ. ಅದಕ್ಕೆ ಮೊದಲು ಕಟ್ಟಿದವರಿಗೆ ನೀರಿನ ಹತ್ತಿರ ಮನೆ ಎಂದರೆ ಅನುಕೂಲ, ಅಷ್ಟೇ ಗೊತ್ತಿದ್ದದ್ದು.

ಎರಡು ದಿನ ಬೇರೆ ಕೆಲಸ ಮಾಡಲಿಕ್ಕೆ ಆಗಲಿಲ್ಲ. ನಾವು ದೆವ್ವ ಎಂದು ಮಕ್ಕಳನ್ನು ಹೆದರಿಸುತ್ತಾ ಬಂದದ್ದು ನರಳುತ್ತಿದ್ದ ಒಬ್ಬ ಹುಡುಗನನ್ನು.

ಆಗಸ್ಟ್

ಹಳೆಯ ಟಿಪ್ಪಣಿಗಳನ್ನೆಲ್ಲ ಹೇಳಿದವರ ವಯಸ್ಸಿನ ಪ್ರಕಾರ ಮತ್ತೆ ಜೋಡಿಸಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಕಂಬಳಿಯ ಕತೆ ಹೇಳಿದ ನಾಲ್ವರೂ 75 ದಾಟಿದವರು. ಬಿಳಿ ಸೀರೆ ಹೇಳಿದವರಲ್ಲಿ 50 ದಾಟಿದವರು ಒಬ್ಬರೇ. 1953ರಲ್ಲಿ ದೇಶದಾದ್ಯಂತ ಮಲೇರಿಯಾ ಹತೋಟಿ ಕಾರ್ಯಕ್ರಮ ಶುರುವಾಗಿ ಮನೆ ಮನೆಗೆ ಡಿಡಿಟಿ ಹೊಡೆದರು. ಆಮೇಲೆ ಹುಟ್ಟಿದವರು ಮನೆಮಂದಿಯೆಲ್ಲ ಒಟ್ಟಿಗೆ ನಡುಗುತ್ತಾ ಮಲಗಿದ್ದನ್ನು ಹೆಚ್ಚು ನೋಡಿಲ್ಲ. ಅವರಿಗೆ ಕಂಬಳಿ ಕೇಳುವ ದೆವ್ವದ ಅರ್ಥ ಹತ್ತಿರಲಿಲ್ಲ ಅನಿಸುತ್ತದೆ, ಸಿನಿಮಾದಲ್ಲಿ ಕಂಡ ದೆವ್ವ ಆ ಜಾಗದಲ್ಲಿ ಬಂದು ಕೂತಿತು. ಇಷ್ಟು ಕಡಿಮೆ ಜನರ ಮಾತಿನ ಮೇಲೆ ಗಟ್ಟಿಯಾಗಿ ಹೇಳುವುದು ಸರಿಯಲ್ಲ. ಆದರೂ ನನಗೆ ಇದೇ ದಾರಿ ಸರಿ ಕಾಣುತ್ತಿದೆ.

ಅಜ್ಜಿಗೆ ಹೋಗಿ ಹೇಳಿದೆ, ಅದು ಮಲೇರಿಯಾ ಅಲ್ವಾ ಎಂದು. ಅವರು ನನ್ನನ್ನೇ ನೋಡಿದರು. "ಮತ್ತೆ ಚಳಿ ಬಂಗ್ಲೆ ಅಂತ ಯಾಕಂತಾರೆ?" ಎಂದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಇದನ್ನೆಲ್ಲ ಮಾಲೀಕರಿಗೂ ಹೇಳಿದ್ದೆ. ಹೋದ ವಾರ ಅವರೇ ಫೋನ್ ಮಾಡಿದರು. ಗೋದಾಮಿನ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರ ತುಂಬ ಹಳೇ ಚೆಕ್‌ರೋಲ್ ಪುಸ್ತಕಗಳು. ದಿನಗೂಲಿ ಆಳುಗಳ ಹಾಜರಿ ಬರೆಯುತ್ತಿದ್ದ ಪುಸ್ತಕಗಳು. ಅರ್ಧಕ್ಕೂ ಹೆಚ್ಚು ಗೆದ್ದಲು ತಿಂದಿದೆ. ಒಣಗಿಸಿ, ಒಂದೊಂದೇ ಹಾಳೆ ಬಿಡಿಸಿ ಫೋಟೊ ತೆಗೆಯುತ್ತಿದ್ದೇನೆ, ಇಲ್ಲಿವರೆಗೆ 60 ಆಗಿವೆ. ರೈಟರ ಮನೆಯ ವಿಷಯ ಇದರಲ್ಲಿ ಇರಲಾರದು, ಅವರದು ತಿಂಗಳ ಸಂಬಳ.

ನಿನ್ನೆ ರಾತ್ರಿ ಬಿಡಿಸಿದ ಹಾಳೆಯಲ್ಲಿ ವರ್ಷ ಬರೆದ ಮೂಲೆ ಇಲ್ಲ, ಹೆಸರಿನ ಕಾಲಮ್ಮೂ ಇಲ್ಲ. ಹಾಜರಿಯ ಗೀಟುಗಳಷ್ಟೇ ಉಳಿದಿವೆ. ಮೇಲಿನಿಂದ ಐದನೇ ಸಾಲಿನಲ್ಲಿ ಒಂದು ದಿನ ಗೀಟು, ಒಂದು ದಿನ ಖಾಲಿ, ಒಂದು ದಿನ ಗೀಟು, ಒಂದು ದಿನ ಖಾಲಿ. ಹನ್ನೊಂದನೇ ತಾರೀಕಿನವರೆಗೆ ಹೀಗೇ ಹೋಗಿದೆ. ಅಲ್ಲಿಂದ ಮುಂದೆ ತಿಂಗಳ ಕೊನೆಯವರೆಗೂ ಖಾಲಿ.