ಕಿಂಗರಾಯ್‌ನ ಕಡಲೆಕಾಯಿ ರೈತ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ವಾಯವ್ಯಕ್ಕೆ ಇನ್ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿದೆ ಕಿಂಗರಾಯ್. ಊರು ಹತ್ತಿರವಾದಂತೆ ರಸ್ತೆಯ ಎರಡೂ ಬದಿ ಮಣ್ಣು ಕೆಂಪಾಗುತ್ತದೆ. ಪಾವಗಡದ ಹೊಲ ನೋಡಿ ಬೆಳೆದವಳು ನಾನು, ಬೆಳೆ ಯಾವುದೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಕಡಲೆಕಾಯಿ! ಊರ ನಡುವೆಯೇ ಅದನ್ನು ತುಂಬಿಡಲು ಕಟ್ಟಿದ ಎತ್ತರದ ಸೈಲೋಗಳಿವೆ. ಹುರಿದ ಕಾಯಿ ಮಾರುವ ವ್ಯಾನ್ ಕೂಡ ಇದೆ. ಒಂದು ಪೊಟ್ಟಣ ಕೊಂಡು ತಿನ್ನುತ್ತಾ ಊರು ಸುತ್ತಿದೆವು.

ನಾವು ಬಂದಿದ್ದು ಜೋ ಬಿಯೆಲ್ಕಿ-ಪೀಟರ್ಸನ್ ಬದುಕಿದ ಊರು ನೋಡಲು. 1968ರಿಂದ 1987ರವರೆಗೆ ಅವರು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ. ಅಷ್ಟು ಕಾಲ ಆ ಕುರ್ಚಿಯಲ್ಲಿ ಇನ್ಯಾರೂ ಕೂತಿಲ್ಲ.

ಅವರು ಹುಟ್ಟಿದ್ದು 1911ರಲ್ಲಿ, ನ್ಯೂಜಿಲೆಂಡಿನಲ್ಲಿ. ಮಗುವಾಗಿದ್ದಾಗಲೇ ಮನೆಯವರು ಇಲ್ಲಿಗೆ ಬಂದು 'ಬೆಥನಿ' ಅನ್ನುವ ತೋಟ ಮಾಡಿದರು. ಪೋಲಿಯೊದಿಂದ ಕಾಲು ಕುಂಟಾಯಿತು. ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಹಾಲು ಕರೆಯಲು, ಹೊಲದ ಕೆಲಸಕ್ಕೆ ನಿಂತರು. ಆಮೇಲೆ ಹಳೆಯ ದನದ ಕೊಟ್ಟಿಗೆಯಲ್ಲೇ ಹದಿನೈದು ವರ್ಷ ಒಬ್ಬರೇ ವಾಸ. ಕಡಲೆಕಾಯಿ ಬೆಳೆದರು, ಬಾಡಿಗೆಗೆ ಬೇರೆಯವರ ಜಮೀನಿನ ಕಾಡು ಕಡಿದರು. ಎರಡು ಬುಲ್ಡೋಜರ್‌ಗಳ ನಡುವೆ ಹಡಗಿನ ಲಂಗರಿನ ದಪ್ಪ ಸರಪಳಿ ಕಟ್ಟಿ ಎಳೆಯುವುದು ಅವರ ವಿಧಾನ. ಅಡ್ಡ ಸಿಕ್ಕಿದ ಮರವೆಲ್ಲ ಬೇರು ಸಮೇತ ಬೀಳುತ್ತಿತ್ತು. ಅಷ್ಟು ದುಡಿದವರ ಬಗ್ಗೆ ನನಗೆ ನಿಜವಾಗಿ ಗೌರವ ಇದೆ.

1947ರಲ್ಲಿ ಶಾಸಕರಾದರು. ಸತತ ನಲವತ್ತು ವರ್ಷ ಶಾಸನಸಭೆಯಲ್ಲಿದ್ದರು. ಈ ಭಾಗದವರು ಅವರನ್ನು ಒಮ್ಮೆಯೂ ಕೈಬಿಡಲಿಲ್ಲ. ತಮ್ಮ ಹಾಗೇ ಮಾತಾಡುವ, ಮಣ್ಣು ಗೊತ್ತಿರುವ ಮನುಷ್ಯ ಅಲ್ವಾ? ಆದರೆ ರಾಜ್ಯ ಗೆದ್ದಿದ್ದು ಬರೀ ಪ್ರೀತಿಯಿಂದಲ್ಲ. ಹಳ್ಳಿಗಾಡಿನ ಕ್ಷೇತ್ರಗಳಲ್ಲಿ ಮತದಾರರು ಕಮ್ಮಿ ಇರುವಂತೆ ಗಡಿ ಹಾಕುವ ಪದ್ಧತಿ ಅಲ್ಲಿತ್ತು. ಅದನ್ನು ಶುರು ಮಾಡಿದ್ದು ಎದುರಾಳಿ ಲೇಬರ್ ಪಕ್ಷವೇ, 1949ರಲ್ಲಿ. ಲಾಭ ಆಗಿದ್ದು ಹಳ್ಳಿಗಾಡಲ್ಲೇ ಬಲವಿದ್ದ ಇವರ ಪಕ್ಷಕ್ಕೆ, ಅಲ್ಲಿ ಕಮ್ಮಿ ಮತಕ್ಕೇ ಒಂದು ಸೀಟು. 1972ರಲ್ಲಿ ಲೇಬರ್‌ಗೆ ಸುಮಾರು 47% ಮತ ಬಂದರೂ ಸಿಕ್ಕಿದ್ದು 82ರಲ್ಲಿ 33 ಸೀಟು. ಇವರ ಕಂಟ್ರಿ ಪಕ್ಷಕ್ಕೆ 20% ಮತ, 26 ಸೀಟು. ಲಿಬರಲ್ ಪಕ್ಷದ ಜೊತೆ ಸೇರಿ ಸರ್ಕಾರ ಇವರದೇ ಆಯಿತು.

1977ರಲ್ಲಿ ಬೀದಿ ಮೆರವಣಿಗೆಗಳಿಗೆ ತಡೆ ಹಾಕಿದರು. ಆದರೂ ಬೀದಿಗಿಳಿದ ನೂರಾರು ಜನರನ್ನು ಬ್ರಿಸ್ಬೇನಿನಲ್ಲಿ ಪೊಲೀಸರು ಹಿಡಿದೊಯ್ದರು. ನಮ್ಮ ಕಡೆ ರೈತರು ಬೀದಿಗಿಳಿದೇ ತಮ್ಮ ಮಾತು ಕೇಳಿಸಿಕೊಂಡವರು. ರೈತನೊಬ್ಬ ಆ ದಾರಿಯನ್ನೇ ಮುಚ್ಚಿದ್ದನ್ನು ನಾನು ಒಪ್ಪಲಾರೆ. ಅವರ ಕಾಲದ ಪೊಲೀಸ್ ಲಂಚವನ್ನು ಫಿಟ್ಜ್‌ಜೆರಾಲ್ಡ್ ವಿಚಾರಣೆ ಹೊರಗೆಳೆಯಿತು. ಅವರೇ ನೇಮಿಸಿದ ಪೊಲೀಸ್ ಕಮಿಷನರ್ ಜೈಲಿಗೆ ಹೋದರು. ಸುಳ್ಳು ಸಾಕ್ಷಿಯ ಆರೋಪದಲ್ಲಿ 1991ರಲ್ಲಿ ಜೋ ಕೂಡ ಕೋರ್ಟಿನ ಮುಂದೆ ನಿಂತರು. ತೀರ್ಪು ಹೇಳಬೇಕಾದ ಸಾಮಾನ್ಯ ನಾಗರಿಕರ ಗುಂಪು, ಅಂದರೆ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಮರುವಿಚಾರಣೆಯೂ ನಡೆಯಲಿಲ್ಲ.

2005ರಲ್ಲಿ ತೀರಿಕೊಂಡಾಗ ಬೆಥನಿಯಲ್ಲೇ ಮಣ್ಣು ಮಾಡಿದರು. ಕಿಂಗರಾಯ್‌ಗೆ ಹೋಗುವವರು ಬ್ರಿಸ್ಬೇನಿನಲ್ಲಿ ಹಳಬರು ಸಿಕ್ಕರೆ ಆ ಮೆರವಣಿಗೆಗಳ ಬಗ್ಗೆಯೂ ಕೇಳಿಕೊಂಡು ಹೋಗಿ. ಸೈಲೋಗಳ ಊರಲ್ಲಿ ಆ ಅರ್ಧ ಕಥೆ ಸಿಗುವುದು ಕಷ್ಟ.