ಗಿರಾಕಿ ಇಲ್ಲದ ಲೇತು

ಭಾನುವಾರದಿಂದ ಎರಡೇ ಮಾತು ತಲೆಯಲ್ಲಿ ಸುತ್ತುತ್ತಿವೆ.

"ಇದನ್ನ ನಾನೇ ಹೇಳ್ಕೊಡ್ತಿರ್ಲಿಲ್ವೇನಮ್ಮ?"

"ಕೇಳಿದ್ನಲ್ಲಪ್ಪ. ಗಿರಾಕಿ ಅವ್ರೆ, ಆಮೇಲೆ ನೋಡೋಣ ಅಂದೆ."

ಅಷ್ಟೇ. ಜಗಳವಲ್ಲ, ದನಿ ಏರಿಸಿದ್ದೂ ಇಲ್ಲ. ಅಪ್ಪ ಶೆಡ್ಡಿನ ಬಾಗಿಲಲ್ಲಿ ಬೈಕಿನ ಕೀ ಹಿಡಿದು ನಿಂತಿದ್ದರು. ಮಗಳು ಲೇತಿನ, ಅಂದರೆ ಕಬ್ಬಿಣವನ್ನು ತಿರುಗಿಸುತ್ತಾ ಕೆತ್ತುವ ಮಷೀನಿನ ಮುಂದೆ, ಕನ್ನಡಕ ಹಾಕಿಕೊಂಡು, ಜಡೆಯನ್ನು ಟೋಪಿಯೊಳಗೆ ತುರುಕಿಕೊಂಡು ನಿಂತಿದ್ದಳು. ತಿರುಗಿ ನೋಡದೆಯೇ ಉತ್ತರ ಕೊಟ್ಟಳು. ಹಾಫ್ ನಟ್ ಲಿವರ್ (ಕೆತ್ತುವ ಟೂಲನ್ನು ಮುಂದೆ ನಡೆಸುವ ಉದ್ದ ಸ್ಕ್ರೂಗೆ ಕಚ್ಚಿಸುವ, ಬಿಡಿಸುವ ಹಿಡಿ) ಮೇಲೆ ಕೈ ಇದ್ದಾಗ ತಿರುಗಿ ನೋಡಬಾರದು ಅಂತ ಹತ್ತು ನಿಮಿಷದ ಹಿಂದಷ್ಟೇ ಅವಳಿಗೆ ಹೇಳಿಕೊಟ್ಟಿದ್ದು ನಾವೇ.

ತುಮಕೂರಿನ ಬಟವಾಡಿ ದಾಟಿ ಒಳಗೆ ಹೋದರೆ ನಮ್ಮ ಭಾನುವಾರದ ಗುಂಪಿನ ಯಜಮಾನರ ಮನೆ. ಹಿತ್ತಲಲ್ಲಿ ಶೀಟ್ ಹೊದಿಸಿದ ಶೆಡ್ಡು. ಅದರಲ್ಲಿ ಒಂದು ಹಳೇ ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಗ್ರೈಂಡರ್, ಎರಡು ಬೆಂಚ್ ವೈಸ್. ಯಜಮಾನರು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಇದ್ದವರು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಇಲ್ಲಿನ ಜಾಗ ಆಮೇಲೆ ಇಸ್ರೋ ಕೈಗೆ ಹೋಯಿತು. ಯಜಮಾನರು ಅದಕ್ಕೂ ಮೊದಲೇ ಹೊರಬಂದಿದ್ದರು. ಬಂದ ದುಡ್ಡಿನಲ್ಲಿ ಬೇರೆಯವರು ಸೈಟು ತಗೊಂಡರು, ಇವರು ಲೇತು ತಗೊಂಡರು. ಅವರ ಮನೆಯವರು ಇವತ್ತಿಗೂ ಇದನ್ನು ಯಾರು ಬಂದರೂ ಹೇಳುತ್ತಾರೆ.

ಭಾನುವಾರ ಬೆಳಿಗ್ಗೆ ನಾವೊಂದಿಷ್ಟು ಜನ ಅಲ್ಲಿ ಸೇರುತ್ತೇವೆ. ನಾನು ಬ್ಯಾಂಕಿನವನು. ಒಬ್ಬರು ಪಿಯು ಕೆಮಿಸ್ಟ್ರಿ ಮೇಷ್ಟ್ರು. ಒಬ್ಬ ಮೊಬೈಲ್ ರಿಪೇರಿ ಹುಡುಗ. ಒಬ್ಬರು ಹಲ್ಲಿನ ಡಾಕ್ಟರು. ಡಾಕ್ಟರ ಬಳಿ ಇರುವ ಜಪಾನಿ ಮೈಕ್ರೋಮೀಟರ್‌ಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅವರು ಇದುವರೆಗೆ ಒಂದು ವಾಷರ್ ಕೂಡ ಪೂರ್ತಿ ಮಾಡಿದ್ದನ್ನು ನಾನು ಕಂಡಿಲ್ಲ. ಅಳೆಯುವುದರಲ್ಲೇ ಅವರಿಗೆ ಖುಷಿ. ಇರಲಿ, ಅದೂ ಒಂದು ಹವ್ಯಾಸವೇ.

ಈ ಹುಡುಗಿ ಬಂದಿದ್ದು ಮೊಬೈಲ್ ಹುಡುಗನ ಪರಿಚಯದಿಂದ. ಬಿಕಾಂ ಓದುತ್ತಿದ್ದಾಳೆ. ಫೋನಿನಲ್ಲಿ ವಿಡಿಯೋ ಮಾಡಲು ತಾನೇ ಒಂದು ಸ್ಟ್ಯಾಂಡ್ ಮಾಡಿಕೊಳ್ಳಬೇಕು ಅಂತ ಆಸೆ. ಸ್ಟ್ಯಾಂಡಿನ ತುದಿಗೆ ಕ್ಯಾಮೆರಾ ಸ್ಕ್ರೂ ಬೇಕಲ್ಲ, ಅದರ ಥ್ರೆಡ್ಡನ್ನು, ಅಂದರೆ ಸುತ್ತಿನ ಗೀರುಗಳನ್ನು, ಲೇತಿನಲ್ಲೇ ಹಾಕುವುದನ್ನು ಕಲಿಯಬೇಕು ಅಂದಳು. ಅಂಗಡಿಯಲ್ಲಿ ಸಿಗುತ್ತದೆ ಅಂದೆವು. "ಗೊತ್ತು ಸರ್" ಅಂದಳು. ಆ ಉತ್ತರಕ್ಕೆ ಯಜಮಾನರು ಅವಳನ್ನು ಸೇರಿಸಿಕೊಂಡರು.

ಅವಳಪ್ಪ ಅಂತರಸನಹಳ್ಳಿ ಕಡೆ ಲೇತ್ ವರ್ಕ್ಸ್ ನಡೆಸುತ್ತಾರೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಅವರು ಬಾಗಿಲಲ್ಲಿ ನಿಂತು ಆ ಮಾತು ಆಡಿದ ಮೇಲೆಯೇ ಗೊತ್ತಾಗಿದ್ದು. ಮನೆಯಲ್ಲೇ ಲೇತು ಇಟ್ಟುಕೊಂಡವರ ಮಗಳು ಲೇತು ಕಲಿಯಲು ಬ್ಯಾಂಕಿನವರ, ಹಲ್ಲಿನ ಡಾಕ್ಟರ ಗುಂಪಿಗೆ ಬಂದಿದ್ದಾಳೆ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಡಾಕ್ಟರು ಮೈಕ್ರೋಮೀಟರ್ ಒರೆಸತೊಡಗಿದರು.

ಯಜಮಾನರು ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಪಾಠ ಮುಂದುವರಿಸಿದರು. ಕ್ಯಾಮೆರಾ ಯಾವ ದೇಶದ್ದಾದರೂ ಅದರ ಕೆಳಗಿನ ಸ್ಕ್ರೂ ಸಾಮಾನ್ಯವಾಗಿ ಕಾಲು ಇಂಚು, ಇಂಚಿಗೆ 20 ಥ್ರೆಡ್. ಯಜಮಾನರ ಲೇತಿನ ಲೀಡ್ ಸ್ಕ್ರೂ (ಟೂಲನ್ನು ನಡೆಸುವ ಆ ಉದ್ದ ಸ್ಕ್ರೂ) ಕೂಡ ಇಂಚಿನದ್ದೇ, ಇಂಚಿಗೆ 4. ಒಂದೊಂದು ಪಾಸ್, ಅಂದರೆ ಒಂದು ಸಲದ ಕೆತ್ತನೆ ಮುಗಿದಾಗಲೂ ಟೂಲ್ ಹಿಂದೆ ತಗೋ, ಹಾಫ್ ನಟ್ ಬಿಡು, ಟೂಲ್ ಕೂತಿರುವ ಕ್ಯಾರೇಜ್ ವಾಪಸ್ ತಾ, ಮತ್ತೆ ಯಾವಾಗ ಕಚ್ಚಿಸಬೇಕು ಅಂತ ತೋರಿಸುವ ಥ್ರೆಡ್ ಡಯಲ್ ನೋಡು, ಅದೇ ಗೆರೆ ಬಂದಾಗ ಲಿವರ್ ಹಾಕು. ಅವಳು ಉಸಿರು ಬಿಗಿಹಿಡಿದು ಗೆರೆ ಕಾಯುತ್ತಿದ್ದಳು.

ಬಾಗಿಲಲ್ಲಿದ್ದ ಅಪ್ಪನಿಗೆ ತಡೆಯಲು ಆಗಲಿಲ್ಲ. "ಇಪ್ಪತ್ತಕ್ಕೆ ಡಯಲ್ ಯಾಕಮ್ಮ ನೋಡ್ತೀಯ? ನಾಲ್ಕರಲ್ಲಿ ಇಪ್ಪತ್ತು ಸರಿಯಾಗಿ ಹೋಗುತ್ತಲ್ಲ, ಎಲ್ಲಿ ಬೇಕಾದ್ರೂ ಹಾಕು, ಅದೇ ಗೀರಿಗೆ ಬೀಳುತ್ತೆ."

ಅವರು ಹೇಳಿದ್ದು ಸರಿ. ಲೀಡ್ ಸ್ಕ್ರೂ ಲೆಕ್ಕದಿಂದ ಭಾಗವಾಗುವ ಥ್ರೆಡ್ಡಿಗೆ ಡಯಲ್ ಬೇಡ. ಯಜಮಾನರಿಗೂ ಇದು ಗೊತ್ತು. "ಗೊತ್ತು ಸ್ವಾಮಿ, ಅಭ್ಯಾಸ ಆಗ್ಲಿ ಅಂತ" ಅಂದರು. ಅಲ್ಲೇ ಇಬ್ಬರ ವ್ಯತ್ಯಾಸ ನನಗೆ ಕಂಡಿತು. ಒಬ್ಬರು ನಾಳೆ ಅವಳು ನಾಲ್ಕರಿಂದ ಭಾಗವಾಗದ 11 ಥ್ರೆಡ್ ಹಾಕುವಾಗ ಕೆಡಿಸದಿರಲಿ ಅಂತ ಯೋಚಿಸುತ್ತಿದ್ದರು. ಇನ್ನೊಬ್ಬರು ಈ ಪೀಸು ಬೇಗ ಮುಗಿಯಲಿ ಅಂತ.

ಆಮೇಲೆ ಅವರನ್ನು ಒಳಗೆ ಕರೆದು ಸ್ಟೂಲು ಕೊಟ್ಟೆವು. ಕೂರಲಿಲ್ಲ. ಕೆಲಸ ಮಾಡುವವರು ಬೇರೆಯವರ ಲೇತಿನ ಮುಂದೆ ಕೂರುವುದಿಲ್ಲವೇನೋ. ಗೇರ್ ಬಾಕ್ಸಿನ ಕಡೆ ಬಗ್ಗಿ, "127 ಇಲ್ವಾ?" ಅಂದರು. ಇಲ್ಲ. ಈ ಲೇತು ಬರುವಾಗಲೇ 127 ಹಲ್ಲಿನ ಆ ಗೇರು ಕಳೆದುಹೋಗಿತ್ತು. ಹಾಗಾಗಿ ನಾವು ಇದರಲ್ಲಿ ಮೆಟ್ರಿಕ್ ಥ್ರೆಡ್ ಹಾಕಿದ್ದೇ ಇಲ್ಲ. ಕೈಯಲ್ಲೇ ಥ್ರೆಡ್ ಹಾಕುವ ಡೈ ಇದ್ದರೆ ಡೈ, ಇಲ್ಲದಿದ್ದರೆ ಇಲ್ಲ.

127 ಹಲ್ಲಿನ ಗೇರ್ ಯಾಕೆ ಬೇಕು ಅಂತ ಹುಡುಗಿ ಕೇಳಿದಳು. ಕೆಮಿಸ್ಟ್ರಿ ಮೇಷ್ಟ್ರು ಹೇಳಿದರು. ಒಂದು ಇಂಚು ಅಂದರೆ ಸರಿಯಾಗಿ 25.4 ಮಿಲಿ. ಐದರಿಂದ ಗುಣಿಸಿದರೆ 127. ಇಂಚಿನ ಸ್ಕ್ರೂನಿಂದ ಮಿಲಿಮೀಟರ್ ಥ್ರೆಡ್ ಚೂರೂ ತಪ್ಪಿಲ್ಲದೆ ಬರಬೇಕಾದರೆ ಆ ಸಂಖ್ಯೆ ಎಲ್ಲಾದರೂ ಇರಲೇಬೇಕು.

"63 ಹಾಕಿ ಸಾರ್" ಅಂದರು ಅಪ್ಪ. "63, 80. ಸಾಕು."

ಮೇಷ್ಟ್ರು ತಕ್ಷಣ ಫೋನ್ ತೆಗೆದು ಲೆಕ್ಕ ಹಾಕಿದರು. 80ನ್ನು 63ರಿಂದ ಭಾಗಿಸಿದರೆ 1.2698. ಬೇಕಾಗಿದ್ದು 127ನ್ನು 100ರಿಂದ ಭಾಗಿಸಿದರೆ ಬರುವ 1.27. ಒಂದು ಮೀಟರ್ ಉದ್ದ ಥ್ರೆಡ್ ಹಾಕಿದರೂ ವ್ಯತ್ಯಾಸ ಮಿಲಿಯ ಎಂಟನೇ ಒಂದು ಭಾಗ. ನಟ್ಟು ಹಿಡಿಯುವ ಒಂದು ಇಂಚಿಗೆ ಅದು ಲೆಕ್ಕಕ್ಕೇ ಇಲ್ಲ. "ಹಾಫ್ ನಟ್ ಮಾತ್ರ ಬಿಡಬೇಡಿ. ಟೂಲ್ ಹೊರಗೆ ಎಳ್ಕೊಂಡು ಮೋಟಾರ್ ಉಲ್ಟಾ ಓಡಿಸಿ ವಾಪಸ್ ತನ್ನಿ" ಅಂತ ಅಪ್ಪ ಸೇರಿಸಿದರು.

ಯಜಮಾನರ ಮುಖ ನೋಡಬೇಕಿತ್ತು. ವಾಚ್ ಕಾರ್ಖಾನೆಯಲ್ಲಿ ಇವರು ದುಡಿದ ಮಷೀನುಗಳೆಲ್ಲ ಮಿಲಿಮೀಟರಿನವು, ಈ ತಾಪತ್ರಯವೇ ಇರಲಿಲ್ಲ. ಹಳೇ ಇಂಚಿನ ಲೇತು ತಂದು, ಕಳೆದುಹೋದ ಗೇರಿಗೆ ಬದಲಿ ಹುಡುಕಿ, ಗಿರಾಕಿಗೆ ಬೋಲ್ಟ್ ಕೊಟ್ಟು ಕಳಿಸಬೇಕಾದ ಅಂಗಡಿಯವರಿಗೇ ಇಂಥ ಉಪಾಯ ಕೈಗೆ ಬರುವುದು. ನಮ್ಮ ಗುಂಪಿಗೆ ಎಷ್ಟೋ ಕಾಲದಿಂದ ಬೇಕಾಗಿದ್ದ ಮಾತನ್ನು ಅವರು ನಿಂತಲ್ಲೇ ಹೇಳಿ ಮುಗಿಸಿದರು.

ಅದೇ ಮನುಷ್ಯ ಮಗಳಿಗೆ ಇದನ್ನು ಹೇಳಿರಲಿಲ್ಲ.

ಮೊದಲು ನನಗೆ ಸಿಟ್ಟೇ ಬಂತು. ಮಗ ಆಗಿದ್ದರೆ ಏಳನೇ ಕ್ಲಾಸಿನಲ್ಲೇ ಅಂಗಡಿಗೆ ಎಳೆದುಕೊಂಡು ಹೋಗಿರುತ್ತಿದ್ದರು ಅಂತ ಅನಿಸಿತು. ಈಗಲೂ ಅರ್ಧ ಹಾಗೇ ಅನಿಸುತ್ತದೆ. ಆದರೆ ಟೀ ಕುಡಿಯುವಾಗ ಅವರು ಹೇಳಿದ ಒಂದು ಮಾತು ಸಿಟ್ಟನ್ನು ಸ್ವಲ್ಪ ಸಡಿಲ ಮಾಡಿತು. "ಇದಕ್ಕೆ ಬರ್ಲಿ ಅಂತ ನಾನು ಓದಿಸ್ತಿಲ್ಲ ಸಾರ್."

ನಾವು ಸಂಬಳದವರು. ಭಾನುವಾರ ಕೈಗೆ ಎಣ್ಣೆ ಹಚ್ಚಿಕೊಂಡರೆ ನಮಗೆ ಹಬ್ಬ. ಅವರಿಗೆ ಅದೇ ಎಣ್ಣೆ ಸೋಮವಾರದಿಂದ ಶನಿವಾರದ ತನಕ. ಪಂಪ್ ಶಾಫ್ಟ್ ಹಿಡಿದುಕೊಂಡು ರೈತ ಬಾಗಿಲಲ್ಲಿ ನಿಂತಿರುತ್ತಾನೆ, ಗದ್ದೆಗೆ ನೀರಿಲ್ಲ ಅಂತ. ಅಂಥ ಹೊತ್ತಿನಲ್ಲಿ ಹಾಫ್ ನಟ್ ಅಂದರೇನು ಅಂತ ಪಾಠ ಮಾಡಲು ಆಗುತ್ತದಾ? ಕಲಿಯುವವರು ಕಬ್ಬಿಣ ಕೆಡಿಸುತ್ತಾರೆ. ಅಂಗಡಿಯಲ್ಲಿ ಕೆಡುವುದು ಗಿರಾಕಿಯ ಶಾಫ್ಟು. ನಮ್ಮಲ್ಲಿ ಕೆಡುವುದು ಗುಜರಿಯಿಂದ ತಂದ ತುಂಡು. ನಾವು ಕಲಿಸುವುದು ನಮ್ಮ ದೊಡ್ಡತನದಿಂದಲ್ಲ, ನಮಗೆ ಕಾಯುವ ಗಿರಾಕಿ ಇಲ್ಲ, ಅಷ್ಟೇ.

ಹಾಗಂತ ಅಂಗಡಿಗಳ ಪದ್ಧತಿಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಚಿಕ್ಕಪ್ಪನ ಮಗ ಒಂದು ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿದ್ದ. ಮೊದಲ ವರ್ಷವೆಲ್ಲ ಟೀ ತರುವುದು, ಕಬ್ಬಿಣದ ಚಿಪ್ಸ್ ಗುಡಿಸುವುದು. ಅಲ್ಲಿ ಲೇತು ಓಡಿಸುವ ಟರ್ನರ್ ತಾನು ಗ್ರೈಂಡ್ ಮಾಡಿದ ಟೂಲುಗಳನ್ನು ಬಟ್ಟೆಯಲ್ಲಿ ಸುತ್ತಿ ಬೀಗ ಹಾಕಿಡುತ್ತಿದ್ದನಂತೆ, ಕೋನ ಯಾರಾದರೂ ನೋಡಿಬಿಟ್ಟಾರು ಅಂತ. ಅವನಿಗೂ ಅವನದೇ ಭಯ. ಕಲಿತ ಹುಡುಗ ಎದುರು ಬೀದಿಯಲ್ಲೇ ಅಂಗಡಿ ಹಾಕಿದರೆ? ದೊಡ್ಡ ಕಾರ್ಖಾನೆಗಳಿಗೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ, ಐಟಿಐ ಇದೆ. ಒಬ್ಬ ಮಾಲೀಕ, ಒಬ್ಬ ಹುಡುಗ ಇರುವ ಅಂಗಡಿಯಲ್ಲಿ ಕಲಿಯುವುದು ಅಂದರೆ ಕದ್ದು ನೋಡಿ ಕಲಿಯುವುದು. ಹೀಗೆ ಬಚ್ಚಿಟ್ಟ 63ರಂಥ ಎಷ್ಟು ಲೆಕ್ಕಗಳು ಬಚ್ಚಿಟ್ಟವರ ಜೊತೆಗೇ ಹೋಗಿಬಿಟ್ಟಿವೆಯೋ.

ಈ ಅಪ್ಪ ಬಚ್ಚಿಟ್ಟವರಲ್ಲ. ಕೇಳಿದ್ದಕ್ಕೆ ತಕ್ಷಣ ಕೊಟ್ಟರು. ಕೇಳಿದವರು ಅಪರಿಚಿತರು, ಸಾರ್ ಅನ್ನಿಸಿಕೊಳ್ಳುವವರು. ಮಗಳೂ ಕೇಳಿದ್ದಳು. "ಕೇಳಿದ್ನಲ್ಲಪ್ಪ" ಅಂದಾಗ ಅವಳ ದನಿಯಲ್ಲಿ ದೂರು ಇತ್ತಾ ಅಂತ ಮತ್ತೆ ಮತ್ತೆ ಯೋಚಿಸಿದ್ದೇನೆ. ಇರಲಿಲ್ಲ ಅನಿಸುತ್ತದೆ. ಟೈಮ್ ಎಷ್ಟು ಅಂತ ಕೇಳಿದರೆ ಹೇಳುವ ಹಾಗೆ ಹೇಳಿದಳು. ಅದೇ ಜಾಸ್ತಿ ನಾಟಿದ್ದು, ಅವಳಪ್ಪನಿಗೂ ನಾಟಿರಬೇಕು. ಸುಮ್ನೆ ಒಂದು ಸಲ ತಲೆ ಆಡಿಸಿದರು, ಅಷ್ಟೇ.

ಸ್ಕ್ರೂ ಆಯಿತು. ಅವಳೇ ಫೋನಿನ ಕ್ಲಾಂಪಿಗೆ ಹಾಕಿ ನೋಡಿದಳು, ಸ್ವಲ್ಪ ಬಿಗಿ. ಅಪ್ಪ ಕೈ ಚಾಚಿದರು. ಅವಳು ಕೊಡದೆ ತಾನೇ ಇನ್ನೊಂದು ಪಾಸ್ ತೆಗೆದಳು. ಆಗ ಸಲೀಸಾಗಿ ಹೋಯಿತು.

ಅವರಿಬ್ಬರೂ ಹೊರಟ ಮೇಲೆ ನಮ್ಮಲ್ಲಿ ಚರ್ಚೆ. ಡಾಕ್ಟರಿಗೆ ಅವರನ್ನೂ ಪ್ರತಿ ಭಾನುವಾರ ಕರೆಯಬೇಕು ಅಂತ. ಯಜಮಾನರಿಗೂ ಆಸೆ, ಇನ್ನೂ ಏನೇನು ಗೊತ್ತಿದೆಯೋ ಅಂತ. ನನಗೆ ಬೇಡ ಅನಿಸಿತು. ಆರು ದಿನ ದುಡಿದವರನ್ನು ಏಳನೇ ದಿನವೂ ಲೇತಿನ ಮುಂದೆ ನಿಲ್ಲಿಸುವುದು ಯಾವ ನ್ಯಾಯ? ಅದೂ ಅಲ್ಲದೆ, ಅವಳಿಗೆ ಅಂತ ಸಿಕ್ಕಿರುವ ಜಾಗ ಇದೊಂದು. ಅಲ್ಲಿಗೂ ಅಪ್ಪನನ್ನು ತಂದು ಕೂರಿಸಿದರೆ ಅವಳು ಮತ್ತೆ ಪಕ್ಕಕ್ಕೆ ಸರಿದು ಟೀ ತರುವವಳಾಗುತ್ತಾಳೆ. ಮೇಷ್ಟ್ರು ಅವಳನ್ನೇ ಕೇಳಿಬಿಡಿ ಅಂದರು.

ಬುಧವಾರ ಮೊಬೈಲ್ ಹುಡುಗ ಕೇಳಿದ. ಉತ್ತರ ಹೀಗಿತ್ತಂತೆ: "ಬರ್ಲಿ ಬಿಡಿ. ಆದ್ರೆ 63 ಗೇರ್ ಅಂಗಡಿಯಲ್ಲಿ ಎರಡಿದೆ, ಒಂದು ತಗೊಂಡೇ ಬರ್ಬೇಕು. ಮಷೀನ್ ಮಾತ್ರ ನಾನೇ ಓಡಿಸ್ತೀನಿ."